ಭೀಮಾ–ಅಮರಜೆಯರ ಸೀಮೆ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನಲ್ಲಿ, ಅಮರಜೆಯೆಂಬ ಚಿಕ್ಕ ನದಿಯು ಭೀಮೆಯನ್ನು ಕೂಡುವ ಎಡೆಯಲ್ಲಿ ಗಾಣಗಾಪುರವಿರುವುದು. ಕನ್ನಡ ನಾಡಿನಲ್ಲಿಯಾಗಲಿ ಮಹಾರಾಷ್ಟ್ರದಲ್ಲಿಯಾಗಲಿ ದತ್ತಭಕ್ತರ ಮನೆಗಳಲ್ಲಿ ಈ ಹೆಸರನ್ನು ಕೇಳದವರಿಲ್ಲ. ವರ್ಷವರ್ಷವೂ ಅಸಂಖ್ಯ ಯಾತ್ರಿಕರು ಬಂದು, ಸಂಗಮದಲ್ಲಿ ಮಿಂದು, ಪಾದುಕೆಗಳ ದರ್ಶನ ಪಡೆದು, ಪ್ರಸಾದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ದಾರಿಯಲ್ಲಿಯೇ ಹಿಂದಿರುಗುವರು. ಆದರೆ ಈ ಕ್ಷೇತ್ರವನ್ನು ಹೊತ್ತು ನಿಂತಿರುವ ನೆಲವನ್ನು ಕಣ್ಣೆತ್ತಿ ನೋಡುವವರು ಕಡಿಮೆ. ಎರಡು ಸಾವಿರ ವರ್ಷಗಳಿಗೂ ಮಿಗಿಲಾದ ಚರಿತ್ರೆಯುಳ್ಳ, ಕನ್ನಡದ ಮೊದಲ ಲಕ್ಷಣಗ್ರಂಥವು ಹುಟ್ಟಿದ ಸೀಮೆಯಿದು. ಗುಡಿಯೊಂದನ್ನೇ ನೋಡಿ ಬರುವುದೆಂದರೆ ಮನೆಯ ದೇವರ ಕೋಣೆಯನ್ನು ನೋಡಿ, ಮನೆಯವರನ್ನು ಮಾತನಾಡಿಸದೆ ಮರಳಿದಂತೆಯೇ ಸರಿ. ಆದುದರಿಂದ ನಾವು ಈ ಲೇಖನದಲ್ಲಿ ಕ್ಷೇತ್ರದೊಡನೆ ಅದರ ಸುತ್ತಣ ಅಫಜಲಪುರ, ಆಳಂದ, ಜೇವರ್ಗಿ ತಾಲೂಕುಗಳ ನೆಲ, ನೀರು, ಬೆಳೆ, ಚರಿತ್ರೆಗಳನ್ನೂ ನಮ್ಮ ವಾಚಕರಿಗೆ ಪರಿಚಯ ಮಾಡಿಕೊಡಬೇಕೆಂದಿರುವೆವು.

ದಾರಿ

ಸೊಲ್ಲಾಪುರದಿಂದ ವಾಡಿಯ ಕಡೆಗೆ ಹೋಗುವ ರೈಲುಹಾದಿಯಲ್ಲಿ, ದುಧನಿಗೂ ಕಲಬುರಗಿಗೂ ನಡುವೆ ‘ಗಾಣಗಾಪುರ ರೋಡ್’ ಎಂಬ ನಿಲ್ದಾಣವಿದೆ. ಮುಂಬಯಿಯ ಕಡೆಯಿಂದ ಬಂದ ಈ ಹಾದಿಯು 1871ರಲ್ಲಿ ರಾಯಚೂರನ್ನು ಮುಟ್ಟಿ ಮದ್ರಾಸಿನ ಹಾದಿಯನ್ನು ಕೂಡಿಕೊಂಡಿತು. ನಿಲ್ದಾಣದಿಂದ ಕ್ಷೇತ್ರವು ಸುಮಾರು 20 ಕಿಲೋಮೀಟರು. ಕಲಬುರಗಿ ಪಟ್ಟಣದಿಂದ ಸುಮಾರು 40 ಕಿಲೋಮೀಟರು. ಎರಡೂ ಕಡೆಗಳಿಂದ ಬಸ್ಸುಗಳುಂಟು.

ದಾರಿಯುದ್ದಕ್ಕೂ ಕಣ್ಣಿಗೆ ಬೀಳುವುದು ಬಯಲು. ಮಲೆನಾಡಿನಿಂದ ಬಂದವರಿಗೆ ಮೊದಲು ಇದು ಬರಿದೆಂದು ತೋರಬಹುದು. ಗುಡ್ಡವಿಲ್ಲ, ಕಾಡಿಲ್ಲ, ಅಲ್ಲೊಂದು ಇಲ್ಲೊಂದು ಬೇವಿನ ಮರ, ಜಾಲಿಯ ಗಿಡ. ಆದರೆ ಎರೆಯ ನೆಲದ ಚೆಲುವನ್ನು ಕಾಣಬೇಕಾದರೆ ಪುಷ್ಯ ಮಾಸದಲ್ಲಿ ಬರಬೇಕು. ಆಗ ದಾರಿಯ ಎರಡು ಮಗ್ಗುಲಲ್ಲಿಯೂ ಆಳೆತ್ತರದ ಜೋಳವು ತೆನೆ ಹೊತ್ತು ನಿಂತಿರುವುದು. ಗಾಳಿ ಬೀಸಿದಾಗ ಇಡೀ ಬಯಲೇ ತಲೆದೂಗುವಂತೆ ಕಾಣುವುದು.

ನೆಲವೂ ಬೆಳೆಯೂ

ಈ ಸೀಮೆಯು ಸಮುದ್ರಮಟ್ಟದಿಂದ ಸುಮಾರು 450 ಮೀಟರು ಎತ್ತರದಲ್ಲಿರುವ ದಖ್ಖಣದ ಪ್ರಸ್ಥಭೂಮಿ. ಬಹುಕಾಲದ ಹಿಂದೆ ಅಗ್ನಿಪರ್ವತಗಳು ಕಾರಿದ ಲಾವಾರಸವು ಹೆಪ್ಪುಗಟ್ಟಿ ಕಲ್ಲಾಗಿ, ಆ ಕಲ್ಲು ಸವೆದು ಕಪ್ಪು ಎರೆಮಣ್ಣಾಗಿದೆ. ಮೂಡಲಿಗೆ ಸರಿದಂತೆ ಸುಣ್ಣದ ಕಲ್ಲಿನ ಪದರಗಳು ತೋರುವುವು. ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದಿ ಫರಸಿಯು ಅಲ್ಲಿಯದೇ. ಮಳೆಯು ವರ್ಷಕ್ಕೆ ಸುಮಾರು 700 ಮಿಲಿಮೀಟರಿನ ಆಸುಪಾಸು; ಅದೂ ನಂಬುವಂತಿಲ್ಲ. ವೈಶಾಖದ ಬಿಸಿಲು 42 ಡಿಗ್ರಿಯನ್ನು ದಾಟುವುದುಂಟು.

ಇಂಥ ಕಡೆ ಬೆಳೆಯು ಹೇಗೆ ಬರುವುದೆಂದು ವಾಚಕರು ಕೇಳಬಹುದು. ಗುಟ್ಟು ಎರೆಮಣ್ಣಿನಲ್ಲಿದೆ. ಮಳೆಗಾಲದಲ್ಲಿ ಕುಡಿದ ನೀರನ್ನು ಈ ಮಣ್ಣು ತಿಂಗಳುಗಟ್ಟಲೆ ಒಡಲಲ್ಲಿ ಇಟ್ಟುಕೊಳ್ಳುವುದು. ಹಿಂಗಾರಿಯ ಹೊತ್ತಿಗೆ ಬಿತ್ತಿದ ಬಿಳಿಜೋಳವು ಆ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ನಂಬಿ ಬೆಳೆದು, ಮಾಘದ ಹೊತ್ತಿಗೆ ಕೊಯ್ಲಿಗೆ ಬರುವುದು. ಬೇಸಗೆಯಲ್ಲಿ ಅದೇ ಮಣ್ಣು ಕಾಲು ಹೂಳುವಷ್ಟು ಅಗಲವಾಗಿ ಬಿರುಕು ಬಿಡುವುದು. ಮುಂಗಾರಿಯ ಬೆಳೆಗಳಲ್ಲಿ ತೊಗರಿಗೆ ಮೊದಲ ಸ್ಥಾನ. ಕಲಬುರಗಿಯನ್ನು ತೊಗರಿಯ ಕಣಜವೆನ್ನುವರು; ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯು ದೊರೆಯಿತು. ನದಿಯ ನೀರು ಏರಿದ ಕಡೆಗಳಲ್ಲಿ, ವಿಶೇಷವಾಗಿ ಅಫಜಲಪುರ ತಾಲೂಕಿನಲ್ಲಿ, ಈಗ ಕಬ್ಬೂ ಬೆಳೆಯುತ್ತಿದೆ.

ನೆಲದಂತೆಯೇ ಊಟ. ಕೈಯಲ್ಲಿ ತಟ್ಟಿದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ, ಮೊಸರು – ಇದು ಬಡವರಿಗೂ ಬಲ್ಲಿದರಿಗೂ ಒಂದೇ. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಯನ್ನು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿಪಲ್ಯ, ಅಂಬಲಿಗಳನ್ನು ಕಂಡವರಿಗೆಲ್ಲ ಬಡಿಸಿ ಉಣ್ಣುವರು. ಅಂದು ಹೊಲದ ದಾರಿಯಲ್ಲಿ ಹೋಗುವ ಅಪರಿಚಿತನೂ ಹಸಿದು ಹೋಗಲಾರನು.

ಅಮೇರಿಕ ಸಂಯುಕ್ತ ಸಂಸ್ಥಾನಗಳ ನಡುನಾಡಿನಲ್ಲಿ ಐಯೋವಾ ಎಂಬ ಸಂಸ್ಥಾನವಿದೆ. ಅದೂ ಇದರಂತೆಯೇ ಸಮುದ್ರಕ್ಕೆ ದೂರವಾದ ಕಪ್ಪುಮಣ್ಣಿನ ಬಯಲು. ಮಿಸಿಸಿಪ್ಪಿ, ಮಿಸೌರಿ ಎಂಬ ಎರಡು ಮಹಾನದಿಗಳ ನಡುವೆ ಇರುವುದು. ಮೆಕ್ಕೆಜೋಳದ ಬೆಳೆಗೆ ಹೆಸರಾದುದು. 1846ರಲ್ಲಿ ಅದು ಸಂಯುಕ್ತ ಸಂಸ್ಥಾನಗಳಲ್ಲಿ ಸೇರಿದಾಗ ಅದರ ಬಡಗಣ ಮೇರೆಯನ್ನು ನಕ್ಷೆಯ ಮೇಲೆ ನೇರವಾದ ಗೆರೆಯೆಳೆದು ಗೊತ್ತುಮಾಡಿದರು. ನಮ್ಮ ಈ ಸೀಮೆಗೆ ಅಂಥ ಸರಳವಾದ ಗೆರೆ ಎಂದೂ ಒದಗಲಿಲ್ಲ. ಇಲ್ಲಿ ಮೇರೆಯನ್ನು ಎಳೆಯುವ ಮೊದಲೇ ಊರುಗಳಿದ್ದುವು, ಊರುಗಳಲ್ಲಿ ನಾಲ್ಕಾರು ನುಡಿಗಳಿದ್ದುವು, ಒಂದೊಂದು ಕಲ್ಲಿಗೂ ಒಂದೊಂದು ಕಥೆಯಿತ್ತು. ಆ ಕಥೆಗಳನ್ನಿಷ್ಟು ನೋಡುವ.

ಚರಿತ್ರೆ

ಭೀಮೆಯ ದಡದಲ್ಲಿಯೇ, ಗಾಣಗಾಪುರದಿಂದ ಹೊಳೆಯ ಕೆಳಮುಖವಾಗಿ ಹೋದರೆ, ಸನ್ನತಿಯೆಂಬ ಹಳ್ಳಿ ಸಿಕ್ಕುವುದು. ಅಲ್ಲಿಯ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ, ದೇವಿಯ ಪೀಠವಾಗಿ ಬಳಕೆಯಾಗಿದ್ದ ಕಲ್ಲೊಂದರ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿರುವುದು 1989ರಲ್ಲಿ ಬೆಳಕಿಗೆ ಬಂದಿತು. ನೆರೆಯ ಕನಗನಹಳ್ಳಿಯಲ್ಲಿ ಪ್ರಾಕ್ತನ ಇಲಾಖೆಯವರು ಅಗೆದಾಗ ದೊಡ್ಡದೊಂದು ಬೌದ್ಧ ಸ್ತೂಪದ ಅವಶೇಷವೂ, ಅಶೋಕನ ಹೆಸರನ್ನೇ ಬ್ರಾಹ್ಮೀ ಲಿಪಿಯಲ್ಲಿ ಕೊರೆದಿರುವ ಅವನ ಉಬ್ಬುಶಿಲ್ಪವೂ ದೊರೆತುವು.

ಜಿಲ್ಲೆಯ ಮೂಡಣ ಭಾಗದಲ್ಲಿ, ಭೀಮೆಯ ಉಪನದಿಯಾದ ಕಾಗಿಣೆಯ ತೀರದಲ್ಲಿ ಮಳಖೇಡವಿದೆ. ಇದೇ ರಾಷ್ಟ್ರಕೂಟರ ಮಾನ್ಯಖೇಟ. 814ರಿಂದ 878ರ ವರೆಗೆ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ವು ಹುಟ್ಟಿತು, ಕನ್ನಡ ನಾಡು ಕಾವೇರಿಯಿಂದ ಗೋದಾವರಿಯ ವರೆಗೆ ಹಬ್ಬಿತ್ತೆಂದು ಹೇಳುವ ಗ್ರಂಥವದು. ಆ ಎಲ್ಲೆಯನ್ನು ನೆನೆದರೆ, ಈಗ ಗಡಿನಾಡೆನಿಸಿದ ಈ ಸೀಮೆಯು ಅಂದು ನಾಡಿನ ಒಡಲಾಗಿತ್ತೆಂಬುದು ತಿಳಿಯುವುದು.

1347ರಲ್ಲಿ ಅಲಾಉದ್ದೀನ ಹಸನ ಬಹಮನ ಶಹನು ಕಲಬುರಗಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡು ಬಹಮನಿ ರಾಜ್ಯವನ್ನು ಸ್ಥಾಪಿಸಿದನು. ಕೋಟೆಯೊಳಗಣ ಜಾಮಿ ಮಸೀದಿಯು 1367ರದು. ಸುಮಾರು 1400ರಲ್ಲಿ ದಿಲ್ಲಿಯ ಕಡೆಯಿಂದ ಬಂದ ಸೂಫಿ ಸಂತ ಬಂದೇ ನವಾಜರು 1422ರಲ್ಲಿ ಇಲ್ಲಿಯೇ ದೇಹವಿಟ್ಟರು. ಅವರ ದರ್ಗೆಗೆ ಎಲ್ಲ ಮತದವರೂ ನಡೆದುಕೊಳ್ಳುವರು. ಆಳಂದದಲ್ಲಿ ಲಾಡ್ಲೆ ಮಶಾಯಿಕರ ದರ್ಗೆಯುಂಟು. ಕಲಬುರಗಿಯಿಂದ ಜೇವರ್ಗಿಯ ಕಡೆಗೆ ಹೋಗುವಾಗ ಭೀಮೆಯ ಎಡದಂಡೆಯ ಬಳಿಯಲ್ಲಿ ಫಿರೋಜ ಶಹನು ಕಟ್ಟಿಸಿದ ಫಿರೋಜಾಬಾದಿನ ಪಾಳುಗೋಡೆಗಳು ಇಂದಿಗೂ ನಿಂತಿವೆ.

ಹೊಳೆಯ ಆಚೆಯ ಜೇವರ್ಗಿ ತಾಲೂಕು ಶರಣರ ಬೀಡು. ವಚನಕಾರರಾದ ಷಣ್ಮುಖಸ್ವಾಮಿಗಳು ಜೇವರ್ಗಿಯವರು. ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರು (1746–1822) ಅದೇ ತಾಲೂಕಿನ ಅರಳಗುಂಡಿಗಿಯಲ್ಲಿ ಜನಿಸಿದವರು. ಒಕ್ಕಲುತನ ಮಾಡುತ್ತ, ಹೊಲದ ಕಾಳನ್ನು ಹಕ್ಕಿಗಳಿಗೂ ಹಸಿದವರಿಗೂ ಬಿಟ್ಟುಕೊಟ್ಟವರೆಂದು ಜನರು ಇಂದಿಗೂ ಅವರನ್ನು ನೆನೆಯುವರು.

ಬಹಮನಿಗಳ ಬಳಿಕ ವಿಜಾಪುರದ ಆದಿಲಶಾಹಿಗಳು, ಅವರ ಬಳಿಕ ಮೊಗಲರು, 1724ರಿಂದೀಚೆಗೆ ಹೈದರಾಬಾದಿನ ನಿಜಾಮರು – ಹೀಗೆ ಅರಸೊತ್ತಿಗೆಗಳು ಬದಲಾದುವು. ನಿಜಾಮರ ಆಳಿಕೆಯ ಕೊನೆಗಾಲದಲ್ಲಿ ಕಚೇರಿಯ ಭಾಷೆ ಉರ್ದು. ಕನ್ನಡದ ಮಕ್ಕಳು ತಮ್ಮ ನುಡಿಯಲ್ಲಿ ಓದುವ ಅನುಕೂಲವು ಅತಿ ಸ್ವಲ್ಪ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1956ರ ನವೆಂಬರ 1ರಂದು ಆ ರಾಜ್ಯವು ಮೂರು ಪಾಲಾಗಿ, ಕಲಬುರಗಿ, ಬೀದರ, ರಾಯಚೂರುಗಳು ವಿಶಾಲ ಮೈಸೂರಿಗೆ ಬಂದುವು. ತಡವಾಗಿ ಮನೆ ಸೇರಿದ ಮಗುವಿನಂತೆ ಈ ಸೀಮೆಯು ವಿದ್ಯೆ, ಉದ್ಯೋಗಗಳಲ್ಲಿ ಹಿಂದುಳಿಯಿತು. ಅದನ್ನು ಸರಿಪಡಿಸಲೆಂದು 2012ರಲ್ಲಿ ಸಂಸತ್ತು ಸಂವಿಧಾನದ 371ನೆಯ ಅನುಚ್ಛೇದಕ್ಕೆ ‘ಜೆ’ ಎಂಬ ಭಾಗವನ್ನು ಸೇರಿಸುವ ತಿದ್ದುಪಡಿಯನ್ನು ಒಪ್ಪಿತು. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲೂಕಿನ ಕಡಗಂಚಿಯ ಬಯಲಿನಲ್ಲಿಯೇ ಇದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆಯು 25 ಲಕ್ಷವನ್ನು ದಾಟಿತ್ತು. 2014ರಲ್ಲಿ ಗುಲಬರ್ಗಾ ಎಂಬ ಹೆಸರು ಹೋಗಿ ಕಲಬುರಗಿಯೆಂಬುದು ಸರಕಾರಿ ಹೆಸರಾಯಿತು. 2019ರಲ್ಲಿ ಇಡೀ ಪ್ರದೇಶಕ್ಕೆ ‘ಕಲ್ಯಾಣ ಕರ್ನಾಟಕ’ವೆಂದು ನಾಮಕರಣವಾಯಿತು.

ಕ್ಷೇತ್ರ

ಇನ್ನು ಗಾಣಗಾಪುರಕ್ಕೆ ಬರುವ. ದತ್ತಾವತಾರಿಗಳೆಂದು ಭಕ್ತರು ನಂಬಿರುವ ನರಸಿಂಹ ಸರಸ್ವತಿಗಳು (ಸುಮಾರು 1378–1459) ವಿದರ್ಭದ ಕಾರಂಜದಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿಯೇ ಸಂನ್ಯಾಸವನ್ನು ಸ್ವೀಕರಿಸಿ, ಕೃಷ್ಣಾತೀರದ ಔದುಂಬರ, ನರಸೋಬಾವಾಡಿಗಳಲ್ಲಿದ್ದು, ಕಡೆಗೆ ಇಲ್ಲಿಗೆ ಬಂದು ಎರಡು ದಶಕಗಳಿಗೂ ಮಿಗಿಲಾಗಿ ನೆಲಸಿದರು. ‘ಗುರುಚರಿತ್ರೆ’ಯು ಈ ಊರನ್ನು ಗಂಧರ್ವಪುರವೆಂದು ಕರೆಯುವುದು. ಇಲ್ಲಿಂದ ಅವರು ಶ್ರೀಶೈಲದ ಕಡೆಗೆ ತೆರಳಿದಾಗ, ಭಕ್ತರ ಸಮಾಧಾನಕ್ಕಾಗಿ ತಮ್ಮ ನಿರ್ಗುಣ ಪಾದುಕೆಗಳನ್ನು ಬಿಟ್ಟುಹೋದರೆಂದು ಪ್ರತೀತಿ. ಊರೊಳಗಣ ಮಠದಲ್ಲಿ ಈ ಪಾದುಕೆಗಳಿಗೇ ಪೂಜೆ. ಚಿಕ್ಕದೊಂದು ಕಿಂಡಿಯ ಮೂಲಕ ಒಬ್ಬೊಬ್ಬರಾಗಿ ಬಾಗಿ ದರ್ಶನ ಪಡೆಯಬೇಕು.

ಸಂಗಮವು ಊರಿನಿಂದ ಸ್ವಲ್ಪ ದೂರ. ಅಲ್ಲಿಯ ಔದುಂಬರ ವೃಕ್ಷದ, ಎಂದರೆ ಅತ್ತಿಯ ಮರದ, ನೆಳಲಲ್ಲಿ ಏಳು ದಿನ ಕುಳಿತು ಗುರುಚರಿತ್ರೆಯ ಪಾರಾಯಣ ಮಾಡುವವರು ವರ್ಷವಿಡೀ ಇರುವರು. ಹತ್ತಿರದಲ್ಲಿಯೇ ಭಸ್ಮದ ಗುಡ್ಡ. ಷಟ್ಕುಲ, ಪಾಪವಿನಾಶಿ, ರುದ್ರಪಾದ, ಚಕ್ರತೀರ್ಥ ಮೊದಲಾದ ಎಂಟು ತೀರ್ಥಗಳನ್ನು ಸುತ್ತಿ ಮೀಯುವ ಪದ್ಧತಿಯುಂಟು. ಮಾರ್ಗಶಿರದ ದತ್ತಜಯಂತಿಗೂ, ಮಾಘ ಬಹುಳ ಪಾಡ್ಯದ ಗುರುಪ್ರತಿಪದೆಗೂ ಜನರು ಕಿಕ್ಕಿರಿದು ಸೇರುವರು.

ಈ ಕ್ಷೇತ್ರದ ಆಚಾರಗಳಲ್ಲಿ ನಮ್ಮ ಮನಸ್ಸನ್ನು ಬಹಳವಾಗಿ ಸೆಳೆದುದು ಭಿಕ್ಷೆ. ಗುರುಗಳು ಇಂದಿಗೂ ಮಧ್ಯಾಹ್ನದ ಹೊತ್ತಿನಲ್ಲಿ ಯಾವುದಾದರೂ ವೇಷದಿಂದ ಈ ಊರಿನಲ್ಲಿ ಭಿಕ್ಷೆಗೆ ಬರುವರೆಂದು ನಂಬುಗೆ. ಆದುದರಿಂದ ಬಂದವರಿಗೆ ಇಲ್ಲವೆನ್ನುವಂತಿಲ್ಲ. ಬಂದವನೂ, ಎಷ್ಟೇ ಸಿರಿವಂತನಾಗಿರಲಿ, ಐದು ಮನೆಗಳ ಮುಂದೆ ಜೋಳಿಗೆ ಹಿಡಿದು ನಿಲ್ಲಬೇಕು. ಮೋಟಾರಿನಲ್ಲಿ ಬಂದಿಳಿದ ಯಜಮಾನರು ಬರಿಗಾಲಿನಲ್ಲಿ ಗಲ್ಲಿಯಲ್ಲಿ ನಿಂತು, ತಮಗಿಂತ ಬಡವರಾದವರ ಕೈಯಿಂದ ಅರ್ಧ ರೊಟ್ಟಿಯನ್ನು ಇಸಿದುಕೊಳ್ಳುವುದನ್ನು ನಾವು ಕಂಡೆವು. ಕೊಡುವುದನ್ನು ಕಲಿಸುವ ಕ್ಷೇತ್ರಗಳು ಬಹಳ. ಬೇಡುವುದನ್ನು ಕಲಿಸಿ ಅಹಂಕಾರವನ್ನು ಇಳಿಸುವ ಕ್ಷೇತ್ರವು ಅಪರೂಪ.

ಗುರುಚರಿತ್ರೆಯಲ್ಲಿ ಒಬ್ಬ ಒಕ್ಕಲಿಗನ ಕಥೆಯಿದೆ. ಗುರುಗಳು ಸಂಗಮಕ್ಕೆ ಹೋಗಿ ಬರುವ ದಾರಿಯಲ್ಲಿ ಅವನ ಜೋಳದ ಹೊಲ. ದಿನವೂ ಅವರಿಗೆ ಅಡ್ಡಬೀಳುತ್ತಿದ್ದ ಅವನಿಗೆ ಒಂದು ದಿನ ಗುರುಗಳು, ಇನ್ನೂ ಬಲಿಯದ ಪೈರನ್ನು ತಾವು ಮರಳುವುದರೊಳಗೆ ಕೊಯ್ದುಬಿಡೆಂದು ಅಪ್ಪಣೆ ಮಾಡಿದರು. ಹೆಂಡತಿಮಕ್ಕಳು ಗೋಳಾಡಿದರೂ, ಊರವರು ನಕ್ಕರೂ ಅವನು ಕೊಯ್ದನು. ಕೆಲವು ದಿನಗಳಲ್ಲಿ ಶೀತಗಾಳಿಯೂ ಅಕಾಲದ ಮಳೆಯೂ ಬಂದು ಸುತ್ತಣ ಬೆಳೆಯೆಲ್ಲ ಹಾಳಾಯಿತು; ಅವನ ಹೊಲದ ಕೂಳೆಯು ಮಾತ್ರ ಮತ್ತೆ ಚಿಗುರಿ ಹಲವು ಮಡಿ ಫಲ ಕೊಟ್ಟಿತು. ನಂಬುವವರಿಗೆ ಇದು ಮಹಿಮೆ. ನಂಬದವರಿಗೂ ಇದರಲ್ಲೊಂದು ಸತ್ಯವಿದೆ: ಐದುನೂರು ವರ್ಷಗಳ ಹಿಂದೆಯೂ ಈ ನೆಲದ ಒಕ್ಕಲಿಗನ ಬಾಳು ಒಂದು ಮಳೆಯ, ಒಂದು ಗಾಳಿಯ ಕೈಯಲ್ಲಿತ್ತು.

ಮಠದಲ್ಲಿ ಮಂಗಳಾರತಿಯ ವಾದ್ಯಗಳು ಮೊಳಗುವಾಗ ಇನ್ನೊಂದು ನೋಟವೂ ಕಾಣುವುದು. ಗಾಳಿ ಸೋಕಿದೆಯೆಂದು ಕರೆತಂದ ರೋಗಿಗಳು, ಅವರಲ್ಲಿ ಬಹುಮಂದಿ ಹೆಂಗಸರು, ಕಂಬಗಳನ್ನು ಹಿಡಿದು ಕೂಗಾಡುವರು, ನೆಲದ ಮೇಲೆ ಹೊರಳಾಡುವರು. ಇವರನ್ನು ಕುತೂಹಲದಿಂದ ನೋಡುತ್ತ ನಿಲ್ಲುವುದು ಸಭ್ಯರಿಗೆ ತಕ್ಕುದಲ್ಲ. ಬೇನೆಬಿದ್ದವರು ಗುರುಗಳ ಕಾಲದಲ್ಲಿಯೂ ಈ ಹೊಸ್ತಿಲಿಗೆ ಬಂದವರೇ. ಆದರೆ ಜ್ವರ ಬಂದ ಮಗುವಿಗೆ ದೇವರ ಅಂಗಾರವನ್ನು ಹಚ್ಚಿ ವೈದ್ಯರಲ್ಲಿಗೂ ಒಯ್ಯುವ ನಾವು, ಮನಸ್ಸು ಬೇನೆಬಿದ್ದ ಸೊಸೆಯನ್ನೋ ಮಗಳನ್ನೋ ಗುಡಿಯ ಕಂಬಕ್ಕೆ ಒಪ್ಪಿಸಿ ಸುಮ್ಮನಾಗುವುದು ಯಾವ ನ್ಯಾಯ? ಮನಸ್ಸಿನ ರೋಗಕ್ಕೂ ಈಗ ಔಷಧೋಪಚಾರವುಂಟು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಅಂಥ ರೋಗಿಗಳಿಗೆ ಚಿಕಿತ್ಸೆಯ ಹಕ್ಕನ್ನು ಕೊಟ್ಟು, ಸರಪಳಿಯಿಂದ ಬಿಗಿಯುವುದನ್ನು ನಿಷೇಧಿಸಿದೆ. ಗುರುವಿನ ಕೃಪೆಯು ವೈದ್ಯನ ಕೈಯಿಂದಲೂ ಬರಬಲ್ಲದೆಂದು ತಿಳಿಯುವುದರಿಂದ ಭಕ್ತಿಗೆ ಕುಂದಿಲ್ಲ.

ನುಡಿಯ ಬೆಸುಗೆ

ಕ್ಷೇತ್ರದ ಬೀದಿಗಳಲ್ಲಿ ಕನ್ನಡ, ಮರಾಠಿಗಳು ಸಮಸಮವಾಗಿ ಕೇಳಿಬರುವುವು. ಪೇಟೆಯಲ್ಲಿ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಇದರಿಂದ ಬೇಸರಪಡುವವರು ಗುರುಚರಿತ್ರೆಯ ಹುಟ್ಟನ್ನು ನೆನೆಯಬೇಕು. ಹದಿನಾರನೆಯ ಶತಮಾನದಲ್ಲಿ ಅದನ್ನು ಮರಾಠಿಯಲ್ಲಿ ಬರೆದ ಸರಸ್ವತೀ ಗಂಗಾಧರನು, ನರಸಿಂಹ ಸರಸ್ವತಿಗಳ ಶಿಷ್ಯನಾಗಿದ್ದ ಸಾಯಂದೇವನ ವಂಶದವನು. ಆ ಮನೆತನದ ಊರು ಆಳಂದ ತಾಲೂಕಿನ ಕಡಗಂಚಿಯೆಂದು ಸಂಪ್ರದಾಯ. ಮರಾಠಿಯು ತನಗೆ ಬಾರದ ನುಡಿಯೆಂದು ಅವನೇ ಗ್ರಂಥದ ಮೊದಲಲ್ಲಿ ಅರಿಕೆ ಮಾಡಿಕೊಂಡಿದ್ದಾನೆ. ಗ್ರಂಥದ ನಡುವೆ ಗುರುಸ್ತುತಿಯ ಕನ್ನಡ ಪದಗಳನ್ನೂ ಸೇರಿಸಿದ್ದಾನೆ. ಹೀಗೆ ಮಹಾರಾಷ್ಟ್ರದ ಮನೆಮನೆಯಲ್ಲಿ ಪೂಜೆಗೊಳ್ಳುವ ಗ್ರಂಥವು ಕನ್ನಡಿಗನೊಬ್ಬನ ಕಾಣಿಕೆ. ಕನ್ನಡ ನೆಲದ ಕ್ಷೇತ್ರವನ್ನು ಲೋಕಕ್ಕೆ ಸಾರಿದುದು ಮರಾಠಿಯ ಗ್ರಂಥ. ಅದೇ ಗ್ರಂಥದಲ್ಲಿ, ಹಿಂದಣ ಜನ್ಮದಲ್ಲಿ ಮಡಿವಾಳನಾಗಿದ್ದ ಭಕ್ತನೊಬ್ಬನು ಬೀದರದ ಸುಲ್ತಾನನಾಗಿ ಹುಟ್ಟಿ, ತೊಡೆಯ ಮೇಲಣ ಹುಣ್ಣಿನಿಂದ ನೊಂದು, ಈ ಸಂಗಮಕ್ಕೆ ಬಂದು ಗುರುಗಳನ್ನು ಗುರುತಿಸಿದ ಕಥೆಯೂ ಉಂಟು. 1956ರಲ್ಲಿ ಎಳೆದ ಮೇರೆಯ ಆಚೆ, ಅಕ್ಕಲಕೋಟೆಯ ಸೀಮೆಯ ಹಳ್ಳಿಗಳಲ್ಲಿ, ಇಂದಿಗೂ ಕನ್ನಡದಲ್ಲಿಯೇ ಮಕ್ಕಳನ್ನು ತೂಗುವ ತಾಯಂದಿರಿರುವರು. ಮೇರೆಯು ಆಡಳಿತಕ್ಕೆ ಬೇಕು, ನೆರೆಹೊರೆಗೆ ಬೇಡ.

ನೀರಿನ ಮಾತು

ಕಡೆಯದಾಗಿ ಭೀಮೆಯ ಮಾತು. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ಸೀನೆ, ಅಮರಜೆ, ಕಾಗಿಣೆಗಳನ್ನು ಕೂಡಿಕೊಂಡು, 861 ಕಿಲೋಮೀಟರು ಹರಿದು ರಾಯಚೂರಿನ ಬಡಗಣ ಭಾಗದಲ್ಲಿ ಕೃಷ್ಣೆಯನ್ನು ಸೇರುವ ದೊಡ್ಡ ಹೊಳೆಯಿದು. ಆದರೆ ಇದರ ಮೇಲ್ಭಾಗದಲ್ಲಿ ಸೊಲ್ಲಾಪುರ ಜಿಲ್ಲೆಯ ಉಜನಿಯ ದೊಡ್ಡ ಅಣೆಕಟ್ಟು 1980ರ ಸುಮಾರಿಗೆ ಎದ್ದಿತು. ಕೃಷ್ಣಾ ನೀರಿನ ನ್ಯಾಯಮಂಡಲಿಯು 1970ರ ದಶಕದಲ್ಲಿ ಭೀಮೆಯ ನೀರಿನಲ್ಲಿ ಕರ್ನಾಟಕಕ್ಕೆ 15 ಟಿ.ಎಂ.ಸಿ.ಯನ್ನು ಗೊತ್ತುಮಾಡಿತು. ಆ ನೀರನ್ನು ಹಿಡಿಯಲೆಂದು ಅಫಜಲಪುರ ತಾಲೂಕಿನ ಸೊನ್ನದಲ್ಲಿ ಬ್ಯಾರೇಜನ್ನೂ, ಆಳಂದ ತಾಲೂಕಿನ ಕೊರಳ್ಳಿಯಲ್ಲಿ ಅಮರಜೆಗೆ ಅಣೆಕಟ್ಟನ್ನೂ ಕಟ್ಟಿದ್ದಾರೆ. ಹಾಗಿದ್ದರೂ ಬೇಸಗೆಯಲ್ಲಿ ಹೊಳೆಯು ಬತ್ತಿ ಮರಳು ತೋರುವುದು. ಕೊಡ ಹೊತ್ತ ಹೆಂಗಸರು ಹೊಳೆಯ ಊರಿನಲ್ಲಿದ್ದೂ ನೀರಿಗೆ ಅಲೆಯುವರು. ಮಳೆಗಾಲದಲ್ಲಿ ಮೇಲಣ ಕಟ್ಟೆಗಳು ತುಂಬಿ ಬಿಟ್ಟೊಡನೆ ಅದೇ ಹೊಳೆಯು ಉಕ್ಕುವುದು. 2020ರ ಅಕ್ಟೋಬರಿನ ನೆರೆಯಲ್ಲಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಡದ ಊರುಗಳೂ, ಕೊಯ್ಲಿಗೆ ಹತ್ತಿರವಾಗಿದ್ದ ಹೊಲಗಳೂ ನೀರಿನ ಪಾಲಾದುವು.

ಎರಡು ರಾಜ್ಯಗಳವರೂ ಕೂಡಿ ಕುಳಿತು, ಬೇಸಗೆಯ ನೀರನ್ನೂ ಮಳೆಗಾಲದ ಎಚ್ಚರಿಕೆಯನ್ನೂ ಹೊತ್ತಿಗೆ ಸರಿಯಾಗಿ ಹಂಚಿಕೊಳ್ಳಬೇಕು. ಅದು ಆಳುವವರ ಕೆಲಸ. ಯಾತ್ರಿಕರಾದ ನಮಗೂ ಕೆಲಸವುಂಟು. ಮಿಂದ ಮೇಲೆ ಹಳೆಯ ಬಟ್ಟೆಯನ್ನು ಹೊಳೆಯಲ್ಲಿ ಬಿಡುವುದು, ಎಲೆ, ಹೂವು, ಪ್ಲಾಸ್ಟಿಕ್ ಚೀಲಗಳನ್ನು ಸಂಗಮಕ್ಕೆ ಎಸೆಯುವುದು ಯಾವ ಶಾಸ್ತ್ರದಲ್ಲಿಯೂ ಹೇಳಿದ ಪುಣ್ಯವಲ್ಲ. ನಾವು ಮೀಯುವ ನೀರನ್ನೇ ಕೆಳಗಣ ಊರಿನವರು ಕುಡಿಯುವರು.

ಮಕ್ಕಳನ್ನು ಕರೆದುಕೊಂಡು ಗಾಣಗಾಪುರಕ್ಕೆ ಹೋಗುವ ಗೃಹಸ್ಥರು ಒಂದು ದಿನವನ್ನು ಹೆಚ್ಚಾಗಿ ಇಟ್ಟುಕೊಳ್ಳಲಿ. ಸನ್ನತಿಯ ಕಲ್ಲನ್ನೂ ಮಳಖೇಡದ ಕೋಟೆಯನ್ನೂ ತೋರಿಸಲಿ. ಎರೆಹೊಲದ ಬದುವಿನ ಮೇಲೆ ಅವರನ್ನು ನಡೆಸಲಿ. ಊರಿನ ಹೊಸ್ತಿಲಲ್ಲಿ ನಿಂತು ಭಿಕ್ಷೆಯನ್ನು ಇಸಿದುಕೊಳ್ಳುವಾಗ, ಆ ರೊಟ್ಟಿಯ ಜೋಳವು ಯಾವ ಹೊಲದ್ದು, ಆ ಹೊಲಕ್ಕೆ ನೀರು ಎಲ್ಲಿಯದು ಎಂದು ಮಕ್ಕಳಿಗೆ ಹೇಳಿಕೊಡಲಿ. ಜೋಳಿಗೆಯನ್ನು ಒಡ್ಡುವವರು ಎಂದಿಗೂ ಇರುವರು. ನೀಡುವ ಕೈ ಉಳಿಯಬೇಕಾದರೆ ಹೊಲವು ಉಳಿಯಬೇಕು, ಹೊಲವು ಉಳಿಯಬೇಕಾದರೆ ಭೀಮೆಯು ಹರಿಯಬೇಕು.